‘ಟೆಲ್ ಮಿ’ ಸರಿ, ‘ಎಕ್ಸ್‌ಪ್ಲೇನ್ ಮಿ’ ಯಾಕೆ ತಪ್ಪು? ಇಂಗ್ಲಿಷ್ ಕ್ರಿಯಾಪದ, ಸರ್ವನಾಮ, ಪ್ರಿಪೊಸಿಷನ್‌ಗಳ ಸಮಗ್ರ ಮಾರ್ಗದರ್ಶಿ

ಅವನಿಗೆ ಹೇಳಿದೆ. ಅವನಿಗೆ ವಿವರಿಸಿದೆ. ಅವನಿಗೆ ಕಾದೆ. ಕನ್ನಡದಲ್ಲಿ ಮೂರಕ್ಕೂ ‘ಅವನಿಗೆ’ ಸಾಕು. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳಹೊರಟರೆ ಮೂರು ದಾರಿ ಹಿಡಿಯಬೇಕು: ‘ಟೋಲ್ಡ್ ಹಿಮ್’, ‘ಎಕ್ಸ್‌ಪ್ಲೇನ್ಡ್ ಇಟ್ ಟು ಹಿಮ್’, ‘ವೇಟೆಡ್ ಫಾರ್ ಹಿಮ್’. ಒಂದರಲ್ಲಿ ನಡುವೆ ಏನೂ ಇಲ್ಲ. ಇನ್ನೊಂದರಲ್ಲಿ ‘ಟು’, ಮತ್ತೊಂದರಲ್ಲಿ ‘ಫಾರ್’. ವರ್ತಮಾನ, ಭೂತ, ಭವಿಷ್ಯ ಎಲ್ಲ ತಪ್ಪಿಲ್ಲದೆ ಬಳಸುವವರೂ ಎಡವುವ ಜಾಗ ಇದು.

ಯಾಕೆ ಎಡವುತ್ತೇವೆ? ‘ಗೆ’ ಕಂಡಲ್ಲೆಲ್ಲ ‘ಟು’ ಹಾಕುತ್ತೇವೆ. ‘ಜೊತೆ’ ಕಂಡಲ್ಲಿ ‘ವಿತ್’, ‘ಬಗ್ಗೆ’ ಕಂಡಲ್ಲಿ ‘ಅಬೌಟ್’. ಎಷ್ಟೋ ಸಲ ಅದು ಸರಿಹೋಗುತ್ತದೆ, ಹಾಗಾಗಿ ಅಭ್ಯಾಸ ಗಟ್ಟಿಯಾಗಿಬಿಡುತ್ತದೆ. ಆದರೆ ಇಂಗ್ಲಿಷ್‌ನಲ್ಲಿ ಪ್ರಿಪೊಸಿಷನ್ (‘ಟು’, ‘ಫಾರ್’, ‘ವಿತ್’ ಥರದ ಪುಟ್ಟ ಪದ) ಬೇಕೋ ಬೇಡವೋ, ಬೇಕಾದರೆ ಯಾವುದು ಅಂತ ತೀರ್ಮಾನಿಸುವುದು ಕ್ರಿಯಾಪದ. ಆದ್ದರಿಂದ ‘ವೇಟ್ ಅಂದರೆ ಕಾಯು’ ಅಂತ ಕಲಿತರೆ ಅರ್ಧ ಕಲಿತಂತೆ. ‘ವೇಟ್ ಫಾರ್ ಮಿ ಅಂದರೆ ನನಗೆ ಕಾಯಿ’ ಅಂತ ಕಲಿತರೆ ಪೂರ್ತಿ. ಕೆಳಗಿನ ಹಂತಗಳೆಲ್ಲ ಈ ಒಂದು ಅಭ್ಯಾಸದ ಸುತ್ತಲೇ ಇವೆ.

ಓದುವ ಮುಂಚೆ ಒಂದು ಮಾತು. ಒಂದು ಎಫ್ ಇರುವ ಪದವನ್ನು (of) ಇಲ್ಲಿ ‘ಆವ್’ ಎಂದೂ ಎರಡು ಎಫ್ ಇರುವುದನ್ನು (off) ‘ಆಫ್’ ಎಂದೂ ಬರೆದಿದ್ದೇನೆ. ಉಚ್ಚಾರಣೆಯೂ ಹೆಚ್ಚುಕಡಿಮೆ ಹಾಗೆಯೇ.

ಹಂತ 1: ಸರ್ವನಾಮದ ರೂಪ ಸರಿ ಮಾಡಿಕೊಳ್ಳಿ

ಕ್ರಿಯಾಪದದ ಮೇಲೋ ಪ್ರಿಪೊಸಿಷನ್ ಮೇಲೋ ನೇತುಹಾಕಿಕೊಂಡು ಬರುವ ಸರ್ವನಾಮಗಳು ಏಳು: ಮಿ, ಯು, ಹಿಮ್, ಹರ್, ಇಟ್, ಅಸ್, ದೆಮ್. ಕನ್ನಡದ ‘ನಾನು’ ನನ್ನನ್ನು, ನನಗೆ, ನನ್ನಿಂದ, ನನ್ನಲ್ಲಿ ಅಂತ ವಿಭಕ್ತಿಗೊಂದು ರೂಪ ತಾಳುತ್ತದೆ. ಇಂಗ್ಲಿಷ್‌ನಲ್ಲಿ ಎಲ್ಲಕ್ಕೂ ‘ಮಿ’ ಒಂದೇ.

ಹಿಂದೆ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ‘ಅವನನ್ನು’ ಅನ್ನಲು ‘ಹಿನೆ’, ‘ಅವನಿಗೆ’ ಅನ್ನಲು ‘ಹಿಮ್’ ಅಂತ ಬೇರೆ ಬೇರೆ ಪದಗಳಿದ್ದವು. ಬರಬರುತ್ತಾ ‘ಹಿನೆ’ ಬಿದ್ದುಹೋಯಿತು, ಅದರ ಕೆಲಸವೂ ‘ಹಿಮ್’ ಪಾಲಿಗೆ ಬಂತು. ನಮ್ಮ ದ್ವಿತೀಯಾ, ಚತುರ್ಥಿ ವಿಭಕ್ತಿಗಳು ಮಾಡುವ ಕೆಲಸವನ್ನು ಇವತ್ತಿನ ಇಂಗ್ಲಿಷ್‌ನಲ್ಲಿ ಪದಗಳ ಜಾಗ ಮತ್ತು ಪ್ರಿಪೊಸಿಷನ್ ಹಂಚಿಕೊಂಡಿವೆ. ಹಾಗಾಗಿಯೇ ಅಲ್ಲಿ ಪದದ ಜಾಗ ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಇಬ್ಬರ ಹೆಸರು ಒಟ್ಟಿಗೆ ಬಂದಾಗ ರೂಪ ಕೆಡುವುದು ಜಾಸ್ತಿ. ‘ಹಿ ಕಾಲ್ಡ್ ಮೈ ಬ್ರದರ್ ಆ್ಯಂಡ್ ಐ’ ಅನ್ನುವುದು ಕೇಳಲು ಗಂಭೀರವಾಗಿದೆ, ಆದರೆ ತಪ್ಪು. ತಮ್ಮನನ್ನು ಬದಿಗಿಟ್ಟು ನೋಡಿ: ‘ಹಿ ಕಾಲ್ಡ್ ಐ’ ಅಂತ ಯಾರೂ ಹೇಳಲ್ಲ ಅಲ್ವಾ? ಹಾಗಾದರೆ ‘ಮೈ ಬ್ರದರ್ ಆ್ಯಂಡ್ ಮಿ’. ‘ಬಿಟ್ವೀನ್ ಯು ಆ್ಯಂಡ್ ಮಿ’ ಕೂಡ ಹಾಗೆಯೇ. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ‘ಐ’ ಅನ್ನುವುದುಂಟು, ನೀವು ಅನುಸರಿಸಬೇಕಿಲ್ಲ. ಆಫೀಸಿನ ಈಮೇಲ್‌ಗಳಲ್ಲಿ ಕಾಣುವ ‘ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್’ ಕೂಡ ಬೇಡ. ‘ಕಾಂಟ್ಯಾಕ್ಟ್ ಮಿ’ ಅಂದರೆ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ.

ಹಂತ 2: ‘ಇಟ್’ ನುಂಗಬೇಡಿ

‘ಸಿನಿಮಾ ನೋಡಿದ್ಯಾ?’ ‘ಹೂಂ, ನೋಡ್ದೆ. ಇಷ್ಟ ಆಯ್ತು.’ ಏನನ್ನು ನೋಡಿದೆ, ಯಾವುದು ಇಷ್ಟವಾಯಿತು ಅಂತ ಕನ್ನಡದಲ್ಲಿ ಮತ್ತೆ ಹೇಳಬೇಕಿಲ್ಲ. ಅದನ್ನೇ ಇಂಗ್ಲಿಷ್‌ಗೆ ತಂದು ‘ಯೆಸ್, ಐ ಸಾ. ಐ ಲೈಕ್ಡ್’ ಅಂದರೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೆ. ‘ಐ ಸಾ ಇಟ್. ಐ ಲೈಕ್ಡ್ ಇಟ್.’ ‘ಎಂಜಾಯ್ಡ್’ ಅಂದರೂ ಅಷ್ಟೇ: ‘ಎಂಜಾಯ್ಡ್ ಇಟ್’ ಅಥವಾ ‘ಎಂಜಾಯ್ಡ್ ಮೈಸೆಲ್ಫ್’. ‘ತಂದ್ರಾ?’ ಅನ್ನೋದಕ್ಕೆ ‘ಡಿಡ್ ಯು ಬ್ರಿಂಗ್ ಇಟ್?’

ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ನನಗೆ ಇಷ್ಟ, ನನಗೆ ಗೊತ್ತು, ನನಗೆ ಬೇಕು, ನನಗೆ ನೆನಪಿದೆ, ನನಗೆ ಸಿಕ್ಕಿತು. ಕನ್ನಡದಲ್ಲಿ ಇವೆಲ್ಲ ‘ನನಗೆ’. ಇಂಗ್ಲಿಷ್‌ನಲ್ಲಿ ಇವುಗಳಲ್ಲಿ ‘ನಾನು’ ಕರ್ತೃವಿನ ಜಾಗಕ್ಕೆ ಹೋಗಿ ಕೂರುತ್ತದೆ: ಐ ಲೈಕ್ ಹಿಮ್, ಐ ನೋ ಹಿಮ್, ಐ ವಾಂಟ್ ಇಟ್, ಐ ರಿಮೆಂಬರ್ ಹರ್, ಐ ಗಾಟ್ ಇಟ್. ಅಂದರೆ ಕನ್ನಡದ ‘ಗೆ’ ಕೆಲವು ಸಲ ‘ಟು’ ಆಗುತ್ತದೆ, ಕೆಲವು ಸಲ ಮಾಯವಾಗುತ್ತದೆ, ಕೆಲವು ಸಲ ‘ಐ’ ಆಗಿ ವಾಕ್ಯದ ತಲೆಗೇ ಏರುತ್ತದೆ. ‘ಗೆ’ಯನ್ನು ನಂಬಿ ಪ್ರಿಪೊಸಿಷನ್ ಆರಿಸುವುದನ್ನು ಇವತ್ತಿನಿಂದಲೇ ಬಿಡುವುದು ಒಳ್ಳೆಯದು.

ಹಂತ 3: ನಡುವೆ ಏನೂ ಬೇಡದ ಕ್ರಿಯಾಪದಗಳು

ಇವು ಸರ್ವನಾಮವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ. ಕನ್ನಡದ ಯೋಚನೆ ಇಲ್ಲಿ ಸುಮ್ನೆ ಒಂದು ಪ್ರಿಪೊಸಿಷನ್ ತೂರಿಸುತ್ತದೆ.

‘ಗೆ’ ಕಂಡು ‘ಟು’ ಹಾಕುವವು: ಟೆಲ್ ಮಿ, ಆಸ್ಕ್ ಮಿ, ಫೋನ್ ಮಿ, ಆನ್ಸರ್ ಮಿ, ಹೆಲ್ಪ್ ಮಿ, ಥ್ಯಾಂಕ್ ಹಿಮ್, ಒಬೇ ಹರ್. ಇವುಗಳಲ್ಲಿ ‘ಟು’ ಇಲ್ಲ.

‘ಜೊತೆ’, ‘ಹಾಗೆ’ ಕಂಡು ಕೆಡುವವು: ಮ್ಯಾರಿ ಹರ್ (ವಿತ್ ಬೇಡ), ಜಾಯಿನ್ ಅಸ್, ಅಕಂಪನಿ ದೆಮ್. ‘ಅವಳು ಅವರಮ್ಮನ ಹಾಗೇ ಇದ್ದಾಳೆ’ ಅನ್ನಲು ‘ಶಿ ರಿಸೆಂಬಲ್ಸ್ ಹರ್ ಮದರ್’, ನಡುವೆ ‘ಟು’ ಇಲ್ಲ, ‘ಲೈಕ್’ ಕೂಡ ಇಲ್ಲ.

‘ಮೇಲೆ’, ‘ಒಳಗೆ’, ‘ಬಗ್ಗೆ’ ಕಂಡು ಕೆಡುವವು: ಅಟ್ಯಾಕ್ಡ್ ಹಿಮ್, ಎಂಟರ್ಡ್ ಇಟ್, ರೀಚ್ಡ್ ಇಟ್, ಡಿಸ್ಕಸ್ಡ್ ಇಟ್, ಮೆನ್ಷನ್ಡ್ ಇಟ್. ‘ಎಂಟರ್ ಇಂಟು’ ಅನ್ನುವುದು ಒಪ್ಪಂದ, ಚರ್ಚೆಯಂಥವಕ್ಕೆ ಇಳಿಯುವಾಗ ಬರುತ್ತದೆ, ಕೋಣೆಗೆ ಹೋಗುವಾಗ ಬರುವುದಿಲ್ಲ.

‘ಡಿಸ್ಕಸ್ ಅಬೌಟ್ ಇಟ್’ ಯಾಕೆ ಇಷ್ಟು ಗಟ್ಟಿಯಾಗಿ ಬಾಯಿಗೆ ಅಂಟಿಕೊಂಡಿದೆ ಅಂತ ಯೋಚಿಸಿದ್ದೀರಾ? ಕನ್ನಡದ ‘ಬಗ್ಗೆ’ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇಂಗ್ಲಿಷ್‌ನೊಳಗೇ ಇದೆ. ‘ಡಿಸ್ಕಷನ್’ ಅನ್ನುವ ನಾಮಪದಕ್ಕೆ ‘ಅಬೌಟ್’ ನಿಜವಾಗಿಯೂ ಬೇಕು: ‘ಎ ಡಿಸ್ಕಷನ್ ಅಬೌಟ್ ಇಟ್’. ಅದನ್ನೇ ಕೇಳಿ ಕೇಳಿ ಕ್ರಿಯಾಪದಕ್ಕೂ ಹಚ್ಚಿಬಿಡುತ್ತೇವೆ. ಇದೇ ಥರ ಇನ್ನೂ ಹಲವು ಜೋಡಿಗಳಿವೆ. ‘ಎ ರಿಕ್ವೆಸ್ಟ್ ಫಾರ್ ಇಟ್’, ಆದರೆ ‘ಐ ರಿಕ್ವೆಸ್ಟೆಡ್ ಇಟ್’. ‘ಆ್ಯನ್ ಆರ್ಡರ್ ಫಾರ್ ಇಟ್’, ಆದರೆ ‘ಐ ಆರ್ಡರ್ಡ್ ಇಟ್’. ‘ಆ್ಯನ್ ಆನ್ಸರ್ ಟು ಇಟ್’, ಆದರೆ ‘ಆನ್ಸರ್ ಇಟ್’. ‘ಎಂಫಸಿಸ್ ಆನ್ ಇಟ್’, ಆದರೆ ‘ಎಂಫಸೈಜ್ ಇಟ್’. ‘ಇನ್ ಕಾಂಟ್ಯಾಕ್ಟ್ ವಿತ್ ಹಿಮ್’, ಆದರೆ ‘ಕಾಂಟ್ಯಾಕ್ಟ್ ಹಿಮ್’. ನಾಮಪದಕ್ಕೆ ಪ್ರಿಪೊಸಿಷನ್ ಇದ್ದ ಮಾತ್ರಕ್ಕೆ ಕ್ರಿಯಾಪದಕ್ಕೂ ಇರಬೇಕಿಲ್ಲ. ನನ್ನ ಪ್ರಕಾರ ಈ ಐದಾರು ಜೋಡಿಗಳನ್ನು ಬಾಯಿಪಾಠ ಮಾಡಿದರೆ ಈಮೇಲ್‌ಗಳ ಎಷ್ಟೋ ತಪ್ಪು ತಾನಾಗಿಯೇ ಹೋಗುತ್ತದೆ.

ಹಂತ 4: ಪ್ರಿಪೊಸಿಷನ್ ಇಲ್ಲದೆ ನಿಲ್ಲದ ಕ್ರಿಯಾಪದಗಳು

ಇವು ಹಿಂದಿನದಕ್ಕೆ ತದ್ವಿರುದ್ಧ. ಲಿಸನ್ ಟು ಮಿ, ವೇಟ್ ಫಾರ್ ಮಿ, ಲುಕ್ ಆ್ಯಟ್ ಮಿ, ಲಾಫ್ ಆ್ಯಟ್ ಮಿ, ಸ್ಮೈಲ್ ಆ್ಯಟ್ ಮಿ, ಟಾಕ್ ಟು ಮಿ, ರಿಪ್ಲೈ ಟು ಮಿ, ಅಪಾಲಜೈಜ್ ಟು ಮಿ, ಡಿಪೆಂಡ್ ಆನ್ ಮಿ, ಬಿಲಾಂಗ್ ಟು ಮಿ, ಅಗ್ರೀ ವಿತ್ ಮಿ, ಹ್ಯಾಪನ್ ಟು ಮಿ. ‘ಆನ್ಸರ್ ಮಿ’ಗೆ ಏನೂ ಬೇಡ, ಅದೇ ಅರ್ಥದ ‘ರಿಪ್ಲೈ’ಗೆ ‘ಟು’ ಬೇಕು. ಇದಕ್ಕೆ ತರ್ಕ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ. ‘ಮಿ’ ಸೇರಿಸಿ ಗಟ್ಟಿಯಾಗಿ ಹೇಳಿಕೊಂಡು ಮುಂದೆ ಹೋಗಿ. ಒಂದೆರಡರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವೂ ಇದೆ: ‘ನನಗೆ ಪತ್ರ ಬರಿ’ ಅನ್ನಲು ಅಮೆರಿಕದವರು ‘ರೈಟ್ ಮಿ’ ಅನ್ನುತ್ತಾರೆ, ಬ್ರಿಟನ್ನಿನವರು ‘ರೈಟ್ ಟು ಮಿ’ ಅನ್ನುತ್ತಾರೆ.

ತರ್ಕ ಇರುವ ಕಡೆ ಮಾತ್ರ ಅದನ್ನು ಬಿಡಬಾರದು. ಒಂದೇ ಕ್ರಿಯಾಪದ ಪ್ರಿಪೊಸಿಷನ್ ಇದ್ದಾಗ ಒಂದರ್ಥ, ಇಲ್ಲದಾಗ ಇನ್ನೊಂದರ್ಥ ಕೊಡುವ ಜೋಡಿಗಳಲ್ಲಿ ಈ ತರ್ಕ ಕಾಣುತ್ತದೆ.

‘ದಿ ಪೊಲೀಸ್ ಸರ್ಚ್ಡ್ ಹಿಮ್’ ಅಂದರೆ ಅವನು ಅಲ್ಲೇ ನಿಂತಿದ್ದಾನೆ, ಪೊಲೀಸರು ಅವನ ಜೇಬು ತಡಕಾಡಿದರು. ‘ಸರ್ಚ್ಡ್ ಫಾರ್ ಹಿಮ್’ ಅಂದರೆ ಅವನು ಅಲ್ಲಿಲ್ಲ, ಹುಡುಕುತ್ತಿದ್ದಾರೆ. ‘ಶಾಟ್ ಹಿಮ್’ ಅಂದರೆ ಗುಂಡು ತಗುಲಿತು. ‘ಶಾಟ್ ಆ್ಯಟ್ ಹಿಮ್’ ಅಂದರೆ ಅವನ ಕಡೆಗೆ ಹಾರಿಸಿದರು, ತಗುಲಿತೋ ಇಲ್ಲವೋ ಗೊತ್ತಿಲ್ಲ. ‘ರೀಚ್ಡ್ ಇಟ್’ ಅಂದರೆ ಮುಟ್ಟಿದ, ‘ರೀಚ್ಡ್ ಫಾರ್ ಇಟ್’ ಅಂದರೆ ಮುಟ್ಟಲು ಕೈ ಚಾಚಿದ. ಮೂರರಲ್ಲೂ ಒಂದೇ ಎಳೆ ಕಾಣುತ್ತಿದೆಯೇ? ನಡುವೆ ಏನೂ ಇಲ್ಲದಿದ್ದರೆ ಕೆಲಸ ನೇರವಾಗಿ ಆ ವ್ಯಕ್ತಿಗೆ ತಾಗುತ್ತದೆ. ಪ್ರಿಪೊಸಿಷನ್ ಬಂದರೆ ಕೆಲಸಕ್ಕೂ ಗುರಿಗೂ ನಡುವೆ ಅಂತರ ಹುಟ್ಟುತ್ತದೆ.

‘ನೋ ಹಿಮ್’ ಅಂದರೆ ಪರಿಚಯವಿದೆ; ‘ನೋ ಆವ್ ಹಿಮ್’ ಅಂದರೆ ಹೆಸರು ಕೇಳಿ ಗೊತ್ತು, ಅಷ್ಟೆ. ‘ಹರ್ಡ್ ಹಿಮ್’ ಅಂದರೆ ಅವನ ದನಿ ಕಿವಿಗೆ ಬಿತ್ತು. ‘ಹರ್ಡ್ ಆವ್ ಹಿಮ್’ ಅಂದರೆ ಅಂಥವನಿದ್ದಾನೆ ಅಂತ ತಿಳಿಯಿತು. ‘ಹರ್ಡ್ ಫ್ರಮ್ ಹಿಮ್’ ಅಂದರೆ ಅವನಿಂದ ಸುದ್ದಿ ಬಂತು. ‘ಬಿಲೀವ್ ಹಿಮ್’ ಅಂದರೆ ಅವನು ಹೇಳಿದ್ದು ನಿಜ ಅಂತ ಒಪ್ಪುವುದು. ‘ಬಿಲೀವ್ ಇನ್ ಹಿಮ್’ ಅಂದರೆ ಅವನ ಮೇಲೆ ಭರವಸೆ ಇಡುವುದು. ಎಲ್ಲ ಕಡೆಯೂ ನೇರ, ದೂರದ ಅದೇ ಲೆಕ್ಕ ನಡೆಯುತ್ತದೆ ಅಂತಲ್ಲ, ಆದರೆ ಅನುಮಾನ ಬಂದಾಗ ಊಹಿಸಲು ಸಹಾಯವಾಗುತ್ತದೆ.

‘ಆ್ಯಟ್’ ಮತ್ತು ‘ಟು’ ಜಗಳ ಬೇರೆಯೇ. ‘ಥ್ರೋ ಇಟ್ ಟು ಹಿಮ್’ ಅಂದರೆ ಅವನು ಹಿಡಿಯಲಿ ಅಂತ ಎಸೆಯುವುದು, ‘ಥ್ರೋ ಇಟ್ ಆ್ಯಟ್ ಹಿಮ್’ ಅಂದರೆ ಅವನಿಗೆ ಹೊಡೆಯಲಿ ಅಂತ ಎಸೆಯುವುದು. ‘ಶೌಟೆಡ್ ಟು ಮಿ’ ಅಂದರೆ ದೂರದಲ್ಲಿದ್ದೆ, ಕೂಗಿ ಹೇಳಿದ. ‘ಶೌಟೆಡ್ ಆ್ಯಟ್ ಮಿ’ ಅಂದರೆ ರೇಗಿದ. ‘ಬಾಸ್ ನನಗೆ ಕೂಗಿದರು’ ಅನ್ನುವ ಅರ್ಥದಲ್ಲಿ ‘ಆ್ಯಟ್’ ಬಳಸಿದರೆ ಪಾಪ, ಏನೂ ಮಾಡದ ಬಾಸ್ ಮೇಲೆ ದೂರು ಕೊಟ್ಟ ಹಾಗಾಗುತ್ತದೆ.

‘ಅಟೆಂಡ್’ ಬಗ್ಗೆಯೂ ಎಚ್ಚರ ಬೇಕು. ಮೀಟಿಂಗಿಗೆ ಹೋಗುವುದು ‘ಅಟೆಂಡ್ ಇಟ್’. ಸಮಸ್ಯೆಯನ್ನು ಗಮನಿಸಿ ಸರಿಪಡಿಸುವುದು ‘ಅಟೆಂಡ್ ಟು ಇಟ್’.

ಹಂತ 5: ಯಾರಿಗೆ, ಏನನ್ನು: ಎರಡು ಕರ್ಮ ಬಂದಾಗ

‘ಅವನಿಗೆ ಪುಸ್ತಕ ಕೊಡು’ ಅನ್ನಲು ಎರಡು ದಾರಿ. ‘ಗಿವ್ ಹಿಮ್ ದಿ ಬುಕ್’ ಅಥವಾ ‘ಗಿವ್ ದಿ ಬುಕ್ ಟು ಹಿಮ್’. ವ್ಯಕ್ತಿ ಮೊದಲು ಬಂದರೆ ‘ಟು’ ಇಲ್ಲ, ಕೊನೆಯಲ್ಲಿ ಬಂದರೆ ‘ಟು’ ಇದೆ. ಎರಡನ್ನೂ ಬೆರೆಸಿ ‘ಗಿವ್ ಟು ಹಿಮ್ ದಿ ಬುಕ್’ ಅನ್ನಬೇಡಿ. ಸೆಂಡ್, ಶೋ, ಲೆಂಡ್, ಪೇ, ಆಫರ್, ಟೀಚ್, ಸೆಲ್ ಎಲ್ಲ ಇದೇ ಜಾತಿ.

ಬೈ, ಮೇಕ್, ಕುಕ್, ಫೈಂಡ್, ಗೆಟ್ ಇವಕ್ಕೆ ‘ಟು’ ಬದಲು ‘ಫಾರ್’: ‘ಬಾಟ್ ಹರ್ ಎ ಪೆನ್’, ‘ಬಾಟ್ ಎ ಪೆನ್ ಫಾರ್ ಹರ್’. ಕೊಡು, ಕಳಿಸು, ತೋರಿಸು ಅನ್ನುವಾಗ ವಸ್ತು ಆ ವ್ಯಕ್ತಿಯ ಹತ್ತಿರ ಹೋಗುತ್ತದೆ, ಅದಕ್ಕೆ ‘ಟು’. ಕೊಳ್ಳು, ಮಾಡು, ಹುಡುಕು ಅನ್ನುವಾಗ ಮೊದಲು ಆ ವ್ಯಕ್ತಿಗೋಸ್ಕರ ಒಂದು ಕೆಲಸ ನಡೆಯುತ್ತದೆ, ವಸ್ತು ಕೈ ಸೇರುವುದು ಆಮೇಲೆ. ಅದಕ್ಕೆ ‘ಫಾರ್’.

ವಸ್ತುವೂ ಸರ್ವನಾಮ, ವ್ಯಕ್ತಿಯೂ ಸರ್ವನಾಮ ಆದರೆ? ಆಗ ಎರಡನೇ ದಾರಿಯೇ ಕ್ಷೇಮ: ‘ಗಿವ್ ಇಟ್ ಟು ಮಿ’, ‘ಶೋ ದೆಮ್ ಟು ಹರ್’, ‘ಗೆಟ್ ಇಟ್ ಫಾರ್ ಅಸ್’. ‘ಗಿವ್ ಮಿ ಇಟ್’ ಅಂತ ಬ್ರಿಟನ್ನಿನಲ್ಲಿ ಆಡುಮಾತಿನಲ್ಲಿ ಕೇಳಬಹುದು. ಬರವಣಿಗೆಗೆ ಬೇಡ.

ಈಗ ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಸೇ, ಮೆನ್ಷನ್, ಇಂಟ್ರೊಡ್ಯೂಸ್, ಅನೌನ್ಸ್. ಇವು ಎರಡು ಕರ್ಮವನ್ನು ಹಾಗೇ ಪಕ್ಕಪಕ್ಕ ಕೂರಿಸುವುದಿಲ್ಲ. ವ್ಯಕ್ತಿ ಬರಬೇಕಾದರೆ ‘ಟು’ ಹಿಡಿದುಕೊಂಡೇ ಬರಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’, ‘ಸೇ ಇಟ್ ಟು ಹಿಮ್’, ‘ಇಂಟ್ರೊಡ್ಯೂಸ್ ಮಿ ಟು ದೆಮ್’. ವಿವರಿಸಬೇಕಾದ ವಿಷಯ ಉದ್ದ ಇದ್ದರೆ ಅದನ್ನು ಕೊನೆಗೆ ತಳ್ಳಬಹುದು: ‘ಎಕ್ಸ್‌ಪ್ಲೇನ್ ಟು ಮಿ ಹೌ ಇಟ್ ವರ್ಕ್ಸ್’. ಜಾಗ ಬದಲಾಯಿತು, ಆದರೂ ‘ಟು’ ಉಳಿಯಿತು ನೋಡಿ. ‘ಟೆಲ್’ ಮತ್ತು ‘ಸೇ’ ನಡುವಿನ ವ್ಯತ್ಯಾಸವೂ ಇದೇ. ‘ಟೆಲ್’ಗೆ ವ್ಯಕ್ತಿ ನೇರವಾಗಿ ಅಂಟುತ್ತಾನೆ, ‘ಸೇ’ಗೆ ಅಂಟುವುದಿಲ್ಲ. ‘ಹಿ ಸೆಡ್ ಮಿ’ ತಪ್ಪು, ‘ಹಿ ಟೋಲ್ಡ್ ಟು ಮಿ’ಯೂ ತಪ್ಪು.

‘ಸಜೆಸ್ಟ್’ಗೆ ಇನ್ನೊಂದು ಹಠ ಇದೆ. ‘ಹಿ ಟೋಲ್ಡ್ ಮಿ ಟು ಗೋ’, ‘ಹಿ ವಾಂಟೆಡ್ ಮಿ ಟು ಗೋ’, ‘ಹಿ ಆಸ್ಕ್ಡ್ ಮಿ ಟು ಗೋ’ ಎಲ್ಲ ಸರಿ. ‘ಹಿ ಸಜೆಸ್ಟೆಡ್ ಮಿ ಟು ಗೋ’ ಆಗದು. ‘ಹಿ ಸಜೆಸ್ಟೆಡ್ ದ್ಯಾಟ್ ಐ ಗೋ’ ಅನ್ನಬೇಕು. ‘ಲೆಟ್ ಹಿಮ್’, ‘ಮೇಕ್ ಹರ್’ ನಂತರ ‘ಟು’ ಬರುವುದಿಲ್ಲ: ‘ಲೆಟ್ ಹಿಮ್ ಗೋ’, ‘ಮೇಕ್ ಹರ್ ಲಾಫ್’.

ಹಂತ 6: ವ್ಯಕ್ತಿ ನೇರ, ವಿಷಯಕ್ಕೆ ಪ್ರಿಪೊಸಿಷನ್

ಇನ್ನು ಕೆಲವು ಕ್ರಿಯಾಪದಗಳಲ್ಲಿ ವ್ಯಕ್ತಿ ನೇರವಾಗಿ ಅಂಟಿಕೊಂಡು, ವಿಷಯದ ಮುಂದೆ ಪ್ರಿಪೊಸಿಷನ್ ಬರುತ್ತದೆ. ಇವನ್ನು ‘ಮಿ’ ಮತ್ತು ‘ಇಟ್’ ಎರಡನ್ನೂ ಹಾಕಿ ಕಲಿಯಿರಿ.

ಆಸ್ಕ್ ಮಿ ಫಾರ್ ಇಟ್. ಥ್ಯಾಂಕ್ ಮಿ ಫಾರ್ ಇಟ್. ಬ್ಲೇಮ್ ಮಿ ಫಾರ್ ಇಟ್. ಹೆಲ್ಪ್ ಮಿ ವಿತ್ ಇಟ್. ಪ್ರೊವೈಡ್ ಮಿ ವಿತ್ ಇಟ್. ರಿಮೈಂಡ್ ಮಿ ಅಬೌಟ್ ಇಟ್. ಅಕ್ಯೂಸ್ ಮಿ ಆವ್ ಇಟ್. ಪ್ರೊಟೆಕ್ಟ್ ಮಿ ಫ್ರಮ್ ಇಟ್. ಕಂಗ್ರ್ಯಾಚುಲೇಟ್ ಮಿ ಆನ್ ಇಟ್.

‘ರಿಮೈಂಡ್’ನಲ್ಲಿ ‘ಅಬೌಟ್’ ಹಾಕಿದರೆ ಮರೆಯದಂತೆ ನೆನಪಿಸುವುದು, ‘ಆವ್’ ಹಾಕಿದರೆ ಹೆಚ್ಚಾಗಿ ಒಂದನ್ನು ನೋಡಿ ಇನ್ನೊಂದು ನೆನಪಾಗುವುದು: ‘ಶಿ ರಿಮೈಂಡ್ಸ್ ಮಿ ಆವ್ ಯು’, ಅವಳನ್ನು ನೋಡಿದರೆ ನಿನ್ನ ನೆನಪಾಗುತ್ತದೆ. ‘ರಾಬ್’ ಮತ್ತು ‘ಸ್ಟೀಲ್’ ಎರಡೂ ಕದಿಯುವುದೇ. ಆದರೆ ‘ರಾಬ್ಡ್ ಹಿಮ್ ಆವ್ ಇಟ್’ ಅನ್ನುವಾಗ ಕ್ರಿಯಾಪದದ ಪಕ್ಕ ಕೂರುವವನು ಕಳೆದುಕೊಂಡವನು, ‘ಸ್ಟೋಲ್ ಇಟ್ ಫ್ರಮ್ ಹಿಮ್’ ಅನ್ನುವಾಗ ಪಕ್ಕ ಕೂರುವುದು ಕದ್ದ ಮಾಲು. ಕನ್ನಡದ ‘ಸಾಲ’ವೂ ಹೀಗೇ ಎರಡಾಗಿ ಒಡೆಯುತ್ತದೆ: ಕೊಟ್ಟರೆ ‘ಲೆಂಟ್ ಇಟ್ ಟು ಹಿಮ್’, ತೆಗೆದುಕೊಂಡರೆ ‘ಬಾರೋಡ್ ಇಟ್ ಫ್ರಮ್ ಹಿಮ್’.

ಹಂತ 7: ‘ಪಿಕ್ ಇಟ್ ಅಪ್’ ಯಾಕೆ, ‘ಲುಕ್ ಇಟ್ ಆ್ಯಟ್’ ಯಾಕಲ್ಲ?

ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

‘ಟರ್ನ್ ಆಫ್ ದಿ ಲೈಟ್’ ಸರಿ. ‘ಟರ್ನ್ ದಿ ಲೈಟ್ ಆಫ್’ ಕೂಡ ಸರಿ. ಈಗ ‘ದಿ ಲೈಟ್’ ತೆಗೆದು ‘ಇಟ್’ ಹಾಕಿ. ‘ಟರ್ನ್ ಇಟ್ ಆಫ್’ ಒಂದೇ ಸರಿ. ‘ಟರ್ನ್ ಆಫ್ ಇಟ್’ ತಪ್ಪು. ಇನ್ನೊಂದು ಕಡೆ ‘ಲುಕ್ ಆ್ಯಟ್ ದಿ ಲೈಟ್’ ತೆಗೆದುಕೊಳ್ಳಿ. ಇಲ್ಲಿ ‘ಲುಕ್ ಆ್ಯಟ್ ಇಟ್’ ಸರಿ, ‘ಲುಕ್ ಇಟ್ ಆ್ಯಟ್’ ತಪ್ಪು.

ಕಾರಣ ಏನೆಂದರೆ, ‘ಆ್ಯಟ್’ ನಿಜವಾದ ಪ್ರಿಪೊಸಿಷನ್. ಅದರ ಸಂಬಂಧ ಮುಂದೆ ಬರುವ ಪದದೊಂದಿಗೆ. ‘ಟರ್ನ್ ಆಫ್’ನ ‘ಆಫ್’ ಹಾಗಲ್ಲ, ಅದರ ಸಂಬಂಧ ಹಿಂದಿನ ಕ್ರಿಯಾಪದದೊಂದಿಗೆ. ವ್ಯಾಕರಣದವರು ಇದನ್ನು ಪಾರ್ಟಿಕಲ್ ಅನ್ನುತ್ತಾರೆ. ಕ್ರಿಯಾಪದ ಮತ್ತು ಪಾರ್ಟಿಕಲ್ ನಡುವೆ ಸರ್ವನಾಮ ನುಗ್ಗಿ ಕೂರಲೇಬೇಕು. ನಾಮಪದಕ್ಕೆ ಮಾತ್ರ ಒಳಗೆ ಅಥವಾ ಹೊರಗೆ ಎಂಬ ಆಯ್ಕೆ ಇದೆ.

ಯಾವುದು ಯಾವ ಜಾತಿ ಅಂತ ಗುರುತಿಸಲು ಮೂರು ಗುಂಪು ಮಾಡಿಕೊಳ್ಳಿ.

ಅವೇ, ಬ್ಯಾಕ್, ಟುಗೆದರ್: ಇವು ಪಾರ್ಟಿಕಲ್ ಮಾತ್ರ. ಸರ್ವನಾಮ ಯಾವಾಗಲೂ ಇವುಗಳ ಮುಂಚೆ. ಥ್ರೋ ಇಟ್ ಅವೇ, ಗಿವ್ ಇಟ್ ಬ್ಯಾಕ್, ಕಾಲ್ ಮಿ ಬ್ಯಾಕ್, ಪುಟ್ ಇಟ್ ಟುಗೆದರ್. ‘ಔಟ್’ ಕೂಡ ಬಹುಮಟ್ಟಿಗೆ ಹೀಗೆಯೇ: ಟೇಕ್ ಇಟ್ ಔಟ್.

ಆ್ಯಟ್, ಫಾರ್, ಫ್ರಮ್, ಆವ್, ವಿತ್, ಇಂಟು, ಆಫ್ಟರ್: ಕ್ರಿಯಾಪದದ ಜೊತೆ ಬಂದಾಗ ಇವು ಪ್ರಿಪೊಸಿಷನ್. ಸರ್ವನಾಮ ಯಾವಾಗಲೂ ಇವುಗಳ ಆಮೇಲೆ. ಲುಕ್ ಫಾರ್ ಹಿಮ್, ಲುಕ್ ಆಫ್ಟರ್ ಹಿಮ್, ರನ್ ಇಂಟು ಹಿಮ್.

ಅಪ್, ಡೌನ್, ಆನ್, ಆಫ್, ಇನ್, ಓವರ್, ಥ್ರೂ: ಇವು ಎರಡೂ ವೇಷ ಹಾಕುತ್ತವೆ. ತಲೆನೋವು ಇರುವುದು ಇವುಗಳಲ್ಲಿ ಮಾತ್ರ.

‘ಹಿ ರ‍್ಯಾನ್ ಅಪ್ ದಿ ಹಿಲ್’ ಅಂದರೆ ಗುಡ್ಡ ಹತ್ತಿ ಓಡಿದ. ಇಲ್ಲಿ ‘ಅಪ್’ ಪ್ರಿಪೊಸಿಷನ್, ಆದ್ದರಿಂದ ‘ರ‍್ಯಾನ್ ಅಪ್ ಇಟ್’. ‘ಹಿ ರ‍್ಯಾನ್ ಅಪ್ ಎ ಬಿಲ್’ ಅಂದರೆ ಬಿಲ್ ಏರಿಸಿಕೊಂಡ. ಇಲ್ಲಿ ಪಾರ್ಟಿಕಲ್, ಆದ್ದರಿಂದ ‘ರ‍್ಯಾನ್ ಇಟ್ ಅಪ್’. ‘ಟರ್ನ್ ಇಟ್ ಆನ್’ ಅಂದರೆ ಸ್ವಿಚ್ ಹಾಕು; ‘ದಿ ಡಾಗ್ ಟರ್ನ್ಡ್ ಆನ್ ಹಿಮ್’ ಅಂದರೆ ನಾಯಿ ಇದ್ದಕ್ಕಿದ್ದಂತೆ ಅವನ ಮೇಲೇ ತಿರುಗಿಬಿತ್ತು. ‘ಸಿ ಹಿಮ್ ಥ್ರೂ’ ಅಂದರೆ ಕಷ್ಟದಲ್ಲಿ ಕೊನೆತನಕ ಕೈಹಿಡಿಯುವುದು. ‘ಸಿ ಥ್ರೂ ಹಿಮ್’ ಅಂದರೆ ಅವನ ನಾಟಕ ಗೊತ್ತಾಗುವುದು. ಪದಗಳು ಅವೇ ಮೂರು, ಜಾಗ ಮಾತ್ರ ಬೇರೆ.

ಕಿವಿಯೂ ಸುಳಿವು ಕೊಡುತ್ತದೆ. ‘ಪಿಕ್ ಇಟ್ ಅಪ್’ ಅನ್ನುವಾಗ ‘ಅಪ್’ ಮೇಲೆ ಒತ್ತು ಬೀಳುತ್ತದೆ. ವೇಗವಾಗಿ ಹೇಳಿದರೆ ‘ಪಿಕಿಟಪ್’ ಅಂತ ಒಂದೇ ಪದದ ಹಾಗೆ ಕೇಳಿಸುತ್ತದೆ. ‘ಲುಕ್ ಆ್ಯಟ್ ಇಟ್’ ಅನ್ನುವಾಗ ಒತ್ತು ‘ಲುಕ್’ ಮೇಲೆ, ‘ಆ್ಯಟ್’ ಸಪ್ಪಗಾಗುತ್ತದೆ. ವೇಗದ ಮಾತಿನಲ್ಲಿ ‘ಹಿಮ್’, ‘ಹರ್’ಗಳ ‘ಹ’ಕಾರವೂ ಹಾರಿಹೋಗುತ್ತದೆ: ‘ಟೆಲ್ ಹಿಮ್’ ಕೇಳುವುದು ‘ಟೆಲಿಮ್’ ಅಂತ. ಸಿನಿಮಾ ಸಂಭಾಷಣೆ ಅರ್ಥವಾಗದಿರಲು ಇದೂ ಒಂದು ಕಾರಣ.

ಪಾರ್ಟಿಕಲ್ ಮತ್ತು ಪ್ರಿಪೊಸಿಷನ್ ಎರಡೂ ಸಾಲಾಗಿ ಬಂದರೆ ಸರ್ವನಾಮ ಕೊನೆಗೇ ಹೋಗುತ್ತದೆ: ಲುಕ್ ಫಾರ್ವರ್ಡ್ ಟು ಇಟ್, ಪುಟ್ ಅಪ್ ವಿತ್ ಹಿಮ್, ರನ್ ಔಟ್ ಆವ್ ಇಟ್, ಕ್ಯಾಚ್ ಅಪ್ ವಿತ್ ದೆಮ್.

ಹಂತ 8: ಸರ್ವನಾಮ ಹೋದರೂ ಪ್ರಿಪೊಸಿಷನ್ ಇರಲಿ

ಪ್ರಶ್ನೆ ಕೇಳುವಾಗ ‘ಹಿಮ್’ ಜಾಗದಲ್ಲಿದ್ದ ವ್ಯಕ್ತಿ ‘ಹೂ’ ಆಗಿ ಮುಂದೆ ಹೋಗುತ್ತಾನೆ. ಪ್ರಿಪೊಸಿಷನ್ ಇದ್ದಲ್ಲೇ ಉಳಿಯುತ್ತದೆ: ‘ಹೂ ಆರ್ ಯು ವೇಟಿಂಗ್ ಫಾರ್?’ ‘ವಾಟ್ ಆರ್ ಯು ಲುಕಿಂಗ್ ಆ್ಯಟ್?’ ಅದನ್ನು ನುಂಗಿ ‘ಹೂ ಆರ್ ಯು ವೇಟಿಂಗ್’ ಅಂದರೆ ವಾಕ್ಯ ಕುಂಟುತ್ತದೆ. ‘ಫಾರ್ ಹೂಮ್ ಆರ್ ಯು ವೇಟಿಂಗ್’ ಕೂಡ ವ್ಯಾಕರಣದ ಪ್ರಕಾರ ಸರಿ, ಆದರೆ ಮಾತಿನಲ್ಲಿ ಅದು ಕೋಟು ಹಾಕಿಕೊಂಡು ಮಲಗಿದ ಹಾಗೆ.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅಂತ ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದರಲ್ಲ, ಅದು ಬಹಳ ಹಿಂದಿನ ತಕರಾರು. ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲೇ ನಾಟಕಕಾರ ಬೆನ್ ಜಾನ್ಸನ್‌ನ ಸಾಲುಗಳಲ್ಲಿ ಇದನ್ನು ದೋಷ ಎಂದು ಎತ್ತಿ ತೋರಿಸಿದ್ದ. ಜನ ಆಗಲೂ ಕೊನೆಗೇ ಇಡುತ್ತಿದ್ದರು, ಈಗಲೂ ಇಡುತ್ತಾರೆ. ನೀವೂ ಇಡಿ.

‘ನಾನು ಮಾತಾಡಿದ ಮನುಷ್ಯ’ ಅನ್ನಲು ‘ದಿ ಮ್ಯಾನ್ ಐ ಟಾಕ್ಡ್ ಟು’. ಇಲ್ಲಿ ‘ಟು’ ಉಳಿಸಿ, ‘ಹಿಮ್’ ಕಿತ್ತುಹಾಕಿ. ಕೂರಲು ಕುರ್ಚಿ ‘ಎ ಚೇರ್ ಟು ಸಿಟ್ ಆನ್’, ಬರೆಯಲು ಪೆನ್ನು ‘ಎ ಪೆನ್ ಟು ರೈಟ್ ವಿತ್’.

ಕರ್ಮಣಿ ಪ್ರಯೋಗದಲ್ಲೂ ಇದೇ ಕತೆ. ‘ದೇ ಲಾಫ್ಡ್ ಆ್ಯಟ್ ಹಿಮ್’ ತಿರುಗಿಸಿದರೆ ‘ಹಿ ವಾಸ್ ಲಾಫ್ಡ್ ಆ್ಯಟ್’. ಇಲ್ಲೇ ಹಂತ 5ರ ಪಾಠ ಮತ್ತೆ ಕೆಲಸಕ್ಕೆ ಬರುತ್ತದೆ. ‘ಟೆಲ್ ಮಿ’ ಇರುವುದರಿಂದ ‘ಐ ವಾಸ್ ಟೋಲ್ಡ್’ ಸರಿ. ‘ಗಿವ್ ಮಿ’ ಇರುವುದರಿಂದ ‘ಐ ವಾಸ್ ಗಿವನ್ ಎ ಬುಕ್’ ಸರಿ. ‘ಎಕ್ಸ್‌ಪ್ಲೇನ್ ಮಿ’ ಇಲ್ಲವೇ ಇಲ್ಲ, ಹಾಗಾಗಿ ‘ಐ ವಾಸ್ ಎಕ್ಸ್‌ಪ್ಲೇನ್ಡ್’ ಕೂಡ ಇಲ್ಲ. ‘ಇಟ್ ವಾಸ್ ಎಕ್ಸ್‌ಪ್ಲೇನ್ಡ್ ಟು ಮಿ’ ಅನ್ನಬೇಕು. ಆಫೀಸಿನ ವರದಿಗಳಲ್ಲಿ ಇದೊಂದು ತಪ್ಪು ಎಷ್ಟು ಸಲ ಕಣ್ಣಿಗೆ ಬೀಳುತ್ತದೆ ಅಂದರೆ, ಸರಿ ಇರುವುದೇ ವಿಚಿತ್ರವಾಗಿ ಕಾಣುವ ಹಾಗಾಗಿದೆ.

ಹಂತ 9: ನಿಘಂಟು ನೋಡುವ ರೀತಿ, ಅಭ್ಯಾಸ

ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಬಳಸಿ. ಇಂಗ್ಲಿಷ್‌ನಿಂದ ಕನ್ನಡಕ್ಕಿರುವ ನಿಘಂಟು ಅರ್ಥ ಕೊಡುತ್ತದೆ, ಜೊತೆಗೆ ಬರುವ ಪ್ರಿಪೊಸಿಷನ್ ಕೊಡುವುದು ಅಪರೂಪ. ಕಲಿಯುವವರ ನಿಘಂಟಿನಲ್ಲಿ ‘ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಬಡಿ’ ಅನ್ನುವ ಥರ ಕ್ರಿಯಾಪದದ ಇಡೀ ಚೌಕಟ್ಟು ಅಚ್ಚಾಗಿರುತ್ತದೆ. ‘ಸಮ್‌ಬಡಿ’ ಕಂಡಲ್ಲಿ ‘ಮಿ’, ‘ಸಮ್‌ಥಿಂಗ್’ ಕಂಡಲ್ಲಿ ‘ಇಟ್’ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಕನ್ನಡ ಅರ್ಥ ಬರೆಯುವಾಗಲೂ ಬರೀ ‘ವಿವರಿಸು’ ಅಂತ ಬೇಡ, ‘ನನಗೆ ಅದನ್ನು ವಿವರಿಸು’ ಅಂತ ಪೂರ್ತಿ ಬರೆಯಿರಿ. ಆಗ ಎರಡು ಭಾಷೆ ಎಲ್ಲಿ ಬೇರೆಯಾಗುತ್ತವೆ ಅನ್ನುವುದು ಒಂದೇ ಸಾಲಿನಲ್ಲಿ ಕಾಣುತ್ತದೆ.

ದಿನಕ್ಕೆ ಮೂರು ನಾಲ್ಕು ಸಾಕು. ಬರೆದದ್ದನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮೂರು ರೂಪಕ್ಕೆ ತಿರುಗಿಸಿ. ‘ವೇಟ್ ಫಾರ್ ಮಿ’ ಬರೆದರೆ ಪ್ರಶ್ನೆ ಮಾಡಿ: ‘ಹೂ ಆರ್ ಯು ವೇಟಿಂಗ್ ಫಾರ್?’ ಇಲ್ಲ ಅನ್ನಿ: ‘ಡೋಂಟ್ ವೇಟ್ ಫಾರ್ ಹರ್’. ಮನುಷ್ಯನಿಗೆ ಅಂಟಿಸಿ: ‘ದಿ ಮ್ಯಾನ್ ಐ ವೇಟೆಡ್ ಫಾ‌ರ್’.

ಈಗ ಈ ಐದು ಪ್ರಯತ್ನಿಸಿ. ಉತ್ತರ ಕೆಳಗಿದೆ, ನೋಡುವ ಮುಂಚೆ ಒಮ್ಮೆ ಗಟ್ಟಿಯಾಗಿ ಹೇಳಿ. ಅದನ್ನು ನನಗೆ ವಾಪಸ್ ಕೊಡು. ಅವರು ಅದನ್ನು ನಮಗೆ ವಿವರಿಸಲಿಲ್ಲ. ನೀನು ಯಾರನ್ನು ಹುಡುಕುತ್ತಿದ್ದೀಯ? ಅದರ ಬಗ್ಗೆ ನಾಳೆ ಚರ್ಚಿಸೋಣ. ಅವಳು ನನ್ನನ್ನು ನೋಡಿ ನಕ್ಕಳು.

ಉತ್ತರಗಳು: ‘ಗಿವ್ ಇಟ್ ಬ್ಯಾಕ್ ಟು ಮಿ’. ‘ದೇ ಡಿಡ್ ನಾಟ್ ಎಕ್ಸ್‌ಪ್ಲೇನ್ ಇಟ್ ಟು ಅಸ್’. ‘ಹೂ ಆರ್ ಯು ಲುಕಿಂಗ್ ಫಾರ್?’ ‘ಲೆಟ್ಸ್ ಡಿಸ್ಕಸ್ ಇಟ್ ಟುಮಾರೊ’. ಐದನೆಯದಕ್ಕೆ ಎರಡು ಉತ್ತರ: ಗೇಲಿ ಮಾಡಿ ನಕ್ಕಿದ್ದರೆ ‘ಶಿ ಲಾಫ್ಡ್ ಆ್ಯಟ್ ಮಿ’, ಸ್ನೇಹದಿಂದ ನಕ್ಕಿದ್ದರೆ ‘ಶಿ ಸ್ಮೈಲ್ಡ್ ಆ್ಯಟ್ ಮಿ’.